ಎಕ್ಸೆಲ್‌ನಲ್ಲಿ ತಾವೇ ಲೆಕ್ಕ ಹಾಕುವವರನ್ನು ನಾವು ತಡೆಯಬೇಕಾ?

ಸ್ಟ್ಯಾಟಿಸ್ಟಿಕ್ಸ್ ಓದದವರು ತಾವೇ ಅನಾಲಿಸಿಸ್ ಮಾಡಿ ‘ಸರಿ ಇದೆಯಾ ನೋಡಿ’ ಅಂತ ತಂದರೆ ತಡೆಯಬೇಕಾ ಅಂತ ಕೇಳಿದ್ದೀರಿ. ನನಗಿದು ಹಳೇ ಗಾಯ.

ಆಗ ಒಂದು ಕೃಷಿ ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುತ್ತಿದ್ದೆ. ಕ್ಯಾಂಟೀನಿನಲ್ಲಿ ಟೀ ಕುಡಿಯುವಾಗ ಒಬ್ಬ ಎಂ.ಎಸ್ಸಿ. ಹುಡುಗ ಲ್ಯಾಪ್‌ಟಾಪ್ ಹಿಡಿದು ಬಂದ. ಎರೆಗೊಬ್ಬರ ಹಾಕಿದ ರಾಗಿ, ಹಾಕದ ರಾಗಿ. ಎರಡು ಕಾಲಂ, ಒಂದೊಂದರಲ್ಲೂ 40 ಗಿಡಗಳ ತೆನೆ ತೂಕ. ‘ಸರ್, ಎರಡು ಗುಂಪು ಹೋಲಿಸೋಕೆ ಟಿ-ಟೆಸ್ಟ್ ತಾನೆ?’ ‘ಹೂಂ, ಮಾಡಪ್ಪ’ ಅಂದೆ. ಅಷ್ಟೇ.

ಆ 40 ಗಿಡ ಎಲ್ಲಿಂದ ಬಂದವು ಅಂತ ಕೇಳಲೇ ಇಲ್ಲ. ಗೊಬ್ಬರದ್ದು ಒಂದೇ ತಾಕು, ಇಲ್ಲದ್ದೂ ಒಂದೇ ತಾಕು. ಗೊಬ್ಬರದ ತಾಕು ಕಾಲುವೆ ಪಕ್ಕ! ತೆನೆ ತೂಗಿದ್ದು ಗೊಬ್ಬರದಿಂದಲೋ ತೇವದಿಂದಲೋ, ಯಾರು ಹೇಳಬೇಕು? ಗೊಬ್ಬರ ಬಿದ್ದಿದ್ದು ಇಡೀ ತಾಕಿಗೆ, ಹಾಗಾಗಿ ಲೆಕ್ಕಕ್ಕೆ ಬರುವುದು 40 ಅಲ್ಲ, ಒಂದು. ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಸಾಕು, ನಿಜ. ಆದರೆ ಒಂದೇ ಪಾತ್ರೆಯಿಂದ 40 ಅಗುಳು ಹಿಸುಕಿದರೂ ಗೊತ್ತಾಗುವುದು ಆ ಪಾತ್ರೆಯ ಸುದ್ದಿ ಮಾತ್ರ; ಈ ಅಕ್ಕಿಯೇ ಬೇಗ ಬೇಯುತ್ತದೆ ಅನ್ನಬೇಕಾದರೆ ಬೇರೆ ಬೇರೆ ಒಲೆಯ ಮೇಲೆ ಹಲವು ಸಲ ಇಟ್ಟು ನೋಡಬೇಕು, ಅಲ್ವಾ? 1984ರಲ್ಲೇ ಪರಿಸರ ವಿಜ್ಞಾನಿ ಹರ್ಲ್‌ಬರ್ಟ್ ಈ ತಪ್ಪಿಗೆ ಸೂಡೋರೆಪ್ಲಿಕೇಶನ್, ಅಂದರೆ ಹುಸಿ ಪುನರಾವರ್ತನೆ, ಅಂತ ಹೆಸರಿಟ್ಟಿದ್ದರು. ನಾನೇ ಕ್ಲಾಸಿನಲ್ಲಿ ಪಾಠ ಮಾಡಿದ್ದೆ. ಟಿ-ಟೆಸ್ಟ್‌ಗೆ ಕಾಲುವೆ ಎಲ್ಲಿ ಕಾಣಬೇಕು, ಅದು ಪಿ-ವ್ಯಾಲ್ಯೂ 0.001, ಅಂದರೆ ಬರೀ ಆಕಸ್ಮಿಕವಾಗಿ ಇಷ್ಟು ವ್ಯತ್ಯಾಸ ಬರುವುದು ಸಾವಿರಕ್ಕೊಂದು ಸಲ, ಅಂತ ಸುಮ್ನೆ ಉಗುಳಿತು.

ಥೀಸಿಸ್‌ನ ಮೌಖಿಕ ಪರೀಕ್ಷೆ ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ್ದು ಒಂದೇ: ‘ಎಷ್ಟು ತಾಕು?’ ಹುಡುಗ ಇನ್ನೊಂದು ಮುಂಗಾರು ಕಾದು ಮತ್ತೆ ಬಿತ್ತಿದ. ಹಳೇ ಥೀಸಿಸ್‌ನ ಕೃತಜ್ಞತೆ ಪುಟದಲ್ಲಿ ನನ್ನ ಹೆಸರಿತ್ತು. ಅವನ ಗೈಡ್ ಆಮೇಲೆ ಯಾರನ್ನೂ ನನ್ನ ಹತ್ತಿರ ಕಳಿಸಲಿಲ್ಲ.

ಅದಕ್ಕೇ ಹೇಳುತ್ತೇನೆ, ತಡೆಯುವ ಮಾತು ಬಿಡಿ. ಓದದೆ ಲೆಕ್ಕ ಹಾಕಿದ ಅವನನ್ನು ನಾನು ಬೈಯಲಾರೆ. ಓದಿದವನು ನಾನು, ಕೇಳಿದಷ್ಟಕ್ಕೇ ಉತ್ತರ ಕೊಟ್ಟು ಟೀ ಕುಡಿದೆ. ಪ್ರಯೋಗ ಮುಗಿದ ಮೇಲೆ ನಮ್ಮನ್ನು ಕರೆಯುವುದು ಪೋಸ್ಟ್‌ಮಾರ್ಟಂಗೆ ಕರೆದ ಹಾಗೆ ಅಂತ ಸ್ಟ್ಯಾಟಿಸ್ಟಿಕ್ಸ್‌ನ ದಿಗ್ಗಜ ಫಿಶರ್ 1938ರಲ್ಲಿ ಕೋಲ್ಕತ್ತಾದಲ್ಲಿ ಹೇಳಿದ್ದರು. ನಮ್ಮವರು ಈ ಮಾತನ್ನು ಬೇರೆಯವರ ಮೇಲೆ ಜಾಸ್ತಿ ಎಸೆಯುತ್ತಾರೆ. ಬಿತ್ತುವ ಮೊದಲು ಆ ಹುಡುಗ ಬಂದಿದ್ದರೆ ನನ್ನ ರೂಮಿನ ಬಾಗಿಲು ತೆರೆದಿರುತ್ತಿತ್ತಾ? ಡೌಟು.

ಈಗ ಯಾರೇ ಶೀಟ್ ತಂದರೂ ಲ್ಯಾಪ್‌ಟಾಪ್ ಮುಚ್ಚಿಸುತ್ತೇನೆ. ಒಂದು ಹಾಳೆ ಕೊಟ್ಟು ಹೊಲದ ಚಿತ್ರ ಬರೆಸುತ್ತೇನೆ, ಕಾಲುವೆ ಸಮೇತ. ಕೆಲವರು ಮುಖ ಸಿಂಡರಿಸುತ್ತಾರೆ. ಬರೆದೇ ಹೋಗುತ್ತಾರೆ.