ತಾತನನ್ನು ಕೊಂದ ಸಿಲಿಕಾ ಅಮ್ಮನ ಔಷಧವನ್ನು ಹೊರಬಹುದೇ?

ಪ್ರಶ್ನೆ: ನನ್ನ ತಾಯಿಗೆ 54 ವರ್ಷ. ಸ್ತನ ಕ್ಯಾನ್ಸರ್‌ಗೆ 21 ದಿನಕ್ಕೊಮ್ಮೆ ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧ ಕೊಡುತ್ತಿದ್ದಾರೆ. ಎರಡು ಸರದಿ ಮುಗಿದಿದೆ. ಕೂದಲು ಉದುರಿದೆ, ವಾಂತಿಯಿಂದ ಬಸವಳಿದಿದ್ದಾರೆ. ಇಂಥ ಔಷಧವನ್ನು ಸಿಲಿಕಾ ಜೆಲ್‌ನೊಳಗೆ ಹುದುಗಿಸಿ ನಿಧಾನವಾಗಿ ಬಿಡುಗಡೆ ಮಾಡಬಹುದೆಂದು ಓದಿದೆ. ಚಪ್ಪಲಿ ಡಬ್ಬಿಯಲ್ಲಿ ಬರುವ ಪೊಟ್ಟಣದಲ್ಲಿರುವುದೂ ಅದೇ ಅಲ್ಲವೇ? ನಮ್ಮ ತಾತ ಕೋಲಾರದ ಚಿನ್ನದ ಗಣಿಯಲ್ಲಿ ದುಡಿದು ಸಿಲಿಕೋಸಿಸ್‌ನಿಂದ ತೀರಿಕೊಂಡರು. ಅದೇ ಸಿಲಿಕಾ ಅಮ್ಮನ ಮೈಗೂ ಹೋಗುವುದೆಂದರೆ ಭಯವಾಗುತ್ತದೆ.
– ಓದುಗರು, ಬಂಗಾರಪೇಟೆ

ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ. ಅದಕ್ಕೇ ಮೊದಲು ಉತ್ತರಿಸುತ್ತೇನೆ. ತಾತನ ಶ್ವಾಸಕೋಶ ಹೊಕ್ಕಿದ್ದು ಸ್ಫಟಿಕ ರೂಪದ ಸಿಲಿಕಾ, ಅಂದರೆ ಬಂಡೆ ಕೊರೆದಾಗ ಏಳುವ ಬೆಣಚುಕಲ್ಲಿನ ದೂಳು. ಅದು ಸುಲಭಕ್ಕೆ ಕರಗುವುದಿಲ್ಲ. ಅದನ್ನು ನುಂಗಿದ ರಕ್ಷಕ ಕೋಶಗಳೇ ಸಾಯುತ್ತವೆ, ಶ್ವಾಸಕೋಶ ಗಾಯದ ಕಲೆಯಂತೆ ಗಡುಸಾಗುತ್ತಾ ಹೋಗುತ್ತದೆ. ಜೆಲ್‌ನಲ್ಲಿರುವುದು ಸ್ಫಟಿಕವಲ್ಲದ, ಮೈಯೆಲ್ಲ ರಂಧ್ರವಿರುವ ಸಿಲಿಕಾ. ದೇಹದ ನೀರಿನಲ್ಲಿ ಅದು ಮೆಲ್ಲಗೆ ಸಿಲಿಸಿಕ್ ಆಮ್ಲವಾಗಿ ಕರಗಿ ಮೂತ್ರದಲ್ಲಿ ಹೊರಹೋಗುತ್ತದೆ. ಹಾಗೆಂದು ಎಷ್ಟು ಕೊಟ್ಟರೂ ನಿರಪಾಯ ಎನ್ನಲಾರೆ. ರಕ್ತಕ್ಕೆ ಸೇರಿಸಿದ ಕಣಗಳು ಪಿತ್ತಜನಕಾಂಗ ಮತ್ತು ಗುಲ್ಮದಲ್ಲಿ ಕೂಡಿಕೊಳ್ಳಬಹುದು. ಕಣದ ಗಾತ್ರ, ಪ್ರಮಾಣ ಎರಡನ್ನೂ ಪರೀಕ್ಷಿಸಿಯೇ ಮುಂದಡಿಯಿಡಬೇಕು.

ಪೊಟ್ಟಣದ ಜೆಲ್ ಇದರ ದಾಯಾದಿಯೇ. ಅಲ್ಲಿ ಒಣಗಿದ ರಂಧ್ರಗಳು ತೇವವನ್ನು ಒಳಗೆಳೆದುಕೊಳ್ಳುತ್ತವೆ. ದೇಹದಲ್ಲಾದರೆ ಸುತ್ತಲೂ ನೀರೇ ಇರುವುದರಿಂದ ರಂಧ್ರಗಳು ತುಂಬಿಕೊಂಡು, ಒಳಗಿನ ಔಷಧ ಆ ನೀರಿನಲ್ಲಿ ಕರಗಿ ಹೊರಗೆ ಹರಿಯುತ್ತದೆ. ಪೊಟ್ಟಣವನ್ನು ಮಾತ್ರ ಯಾರೂ ಬಾಯಿಗೆ ಹಾಕಬಾರದು. ನೀಲಿ ಹರಳುಗಳಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷವಸ್ತು ಇರಬಹುದು.

ಇದನ್ನು ತಯಾರಿಸುವುದನ್ನು ಹತ್ತಿರದಿಂದ ನೋಡಬೇಕು. ಟೆಟ್ರಾಈಥೈಲ್ ಆರ್ಥೊಸಿಲಿಕೇಟ್ ಎಂಬ ದ್ರವ ಮೊದಲು ನೀರಿನ ಮೇಲೆ ಎಣ್ಣೆಯಂತೆ ತೇಲುತ್ತದೆ. ತುಸು ಆಮ್ಲ ಬೆರೆಸಿ ಕಲಕುತ್ತಿದ್ದರೆ ಕೊಂಚ ಹೊತ್ತಿಗೆ ಎರಡು ಪದರಗಳು ಒಂದಾಗುತ್ತವೆ, ಪಾತ್ರೆ ಕೈಗೆ ಬೆಚ್ಚಗಾಗುತ್ತದೆ, ಆಲ್ಕೋಹಾಲ್ ವಾಸನೆ ಏಳುತ್ತದೆ. ಆಗ ಔಷಧ ಸೇರಿಸಿ, ಆಮ್ಲೀಯತೆ ತಗ್ಗಿಸಿ ಬಿಟ್ಟರೆ ಹಾಲು ಹೆಪ್ಪುಗಟ್ಟಿದಂತೆ ಎಲ್ಲವೂ ಗಟ್ಟಿಯಾಗುತ್ತದೆ. ಪಾತ್ರೆಯನ್ನು ಓರೆ ಮಾಡಿದರೂ ಕೆಂಪು ಮೊಸರು ಜಾರುವುದಿಲ್ಲ. ಗಾಜಿನ ಮುಖ್ಯ ಅಂಶವೂ ಸಿಲಿಕಾವೇ. ಆದರೆ ಗಾಜು ಕರಗಿಸಲು ಸಾವಿರ ಡಿಗ್ರಿಗೂ ಹೆಚ್ಚಿನ ಶಾಖ ಬೇಕು. ಆ ಶಾಖದಲ್ಲಿ ಯಾವ ಔಷಧವೂ ಉಳಿಯದು. ಕೋಣೆಯ ಉಷ್ಣಾಂಶದಲ್ಲೇ ಗಾಜಿನಂಥ ವಸ್ತು ಕೈಗೆ ಸಿಗುವುದು ನನಗೆ ಇಂದಿಗೂ ಬೆರಗಿನ ವಿಷಯ. ಆದರೆ ಒಣಗಿಸುವಾಗ ಅವಸರಿಸಿದರೆ ಬೇಸಿಗೆಯ ಕೆರೆಯಂಗಳದಂತೆ ಬಿರುಕು ಬಿಡುತ್ತದೆ.

ಔಷಧ ತುಂಬುವುದು ಸುಲಭ, ತಡೆದು ತಡೆದು ಬಿಡುವುದೇ ಕಷ್ಟ. ಮೇಲ್ಮೈ ಸಮೀಪದ ಔಷಧ ಮೊದಲ ಕೆಲವು ಗಂಟೆಗಳಲ್ಲೇ ಒಮ್ಮೆಲೇ ನುಗ್ಗಿಬಿಡಬಹುದು. ಹಾಗಾದರೆ ಸಾಮಾನ್ಯ ಚುಚ್ಚುಮದ್ದಿಗೂ ಇದಕ್ಕೂ ಏನು ವ್ಯತ್ಯಾಸ? ಅದಕ್ಕಾಗಿ ರಂಧ್ರಗಳನ್ನು ಕಿರಿದಾಗಿಸುತ್ತಾರೆ, ಇಲ್ಲವೇ ಜೆಲ್ ಕರಗುವ ವೇಗವನ್ನೇ ಔಷಧದ ಲಗಾಮು ಮಾಡುತ್ತಾರೆ. ಡಾಕ್ಸೊರುಬಿಸಿನ್‌ಗೆ ಇನ್ನೊಂದು ಅನುಕೂಲವಿದೆ. ಅದು ಧನ ವಿದ್ಯುದಂಶದ್ದು, ಸಿಲಿಕಾದ ಮೇಲ್ಮೈ ಋಣ, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪರಿಸರ ಆಮ್ಲೀಯವಾದರೆ ಹಿಡಿತ ಸಡಿಲವಾಗುತ್ತದೆ. ಗೆಡ್ಡೆಯ ಸುತ್ತಮುತ್ತ ಸಾಮಾನ್ಯವಾಗಿ ಆಮ್ಲೀಯತೆ ತುಸು ಹೆಚ್ಚಿರುವುದರಿಂದ ವಿಜ್ಞಾನಿಗಳು ಇದರ ಮೇಲೆ ಆಸೆ ಇಟ್ಟಿದ್ದಾರೆ.

ಫಿನ್ಲೆಂಡ್‌ನ ಟುರ್ಕು ನಗರದ ಸಂಶೋಧಕರು 2000ದ ಆಸುಪಾಸಿನಲ್ಲಿ ಸ್ತನ ಕ್ಯಾನ್ಸರ್‌ನದೇ ಔಷಧವಾದ ಟೊರೆಮಿಫೀನ್ ಅನ್ನು ಸಿಲಿಕಾದಲ್ಲಿ ಹುದುಗಿಸಿ ಇಲಿಗಳ ಚರ್ಮದಡಿ ಇಟ್ಟು ನೋಡಿದ್ದಾರೆ. ರಕ್ತದ ಮೂಲಕ ಸೂಕ್ಷ್ಮಕಣಗಳನ್ನು ಕಳಿಸುವ ದಾರಿ ಇನ್ನೂ ದುರ್ಗಮ. ಅನೇಕ ಬಗೆಯ ನ್ಯಾನೊಕಣಗಳ ಪ್ರಯೋಗಗಳನ್ನು 2016ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ, ಚುಚ್ಚಿದ ಪ್ರಮಾಣದಲ್ಲಿ ಗೆಡ್ಡೆ ತಲುಪಿದ್ದರ ಮಧ್ಯಾಂಕ ಬರೀ ಶೇ 0.7. ‘ಔಷಧ ನೇರವಾಗಿ ಗೆಡ್ಡೆಗೇ ಹೋಗುತ್ತದೆ’ ಎಂಬ ಜಾಹೀರಾತು ಕಂಡರೆ ಈ ಅಂಕಿಯನ್ನು ನೆನಪಿಸಿಕೊಳ್ಳಿ.

ಆದ್ದರಿಂದ ನಿಮ್ಮ ತಾಯಿಗೆ ಸಿಲಿಕಾ ಜೆಲ್‌ನ ಚಿಕಿತ್ಸೆ ಇಂದು ಸಿಗುವುದಿಲ್ಲ. ಅದಕ್ಕಾಗಿ ಕಾಯುತ್ತಾ ಈಗಿನ ಚಿಕಿತ್ಸೆಯನ್ನು ಒಂದು ಸರದಿಯೂ ತಪ್ಪಿಸಬೇಡಿ. ‘ಸಿಲಿಕಾ ಪುಡಿ ಕುಡಿಸಿ’ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಇದೇ ಡಾಕ್ಸೊರುಬಿಸಿನ್ ಅನ್ನು ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ ತುಂಬಿದ ಲಿಪೊಸೋಮ್ ರೂಪ ಅಮೆರಿಕದಲ್ಲಿ 1995ರಲ್ಲೇ ಅನುಮತಿ ಪಡೆಯಿತು, ನಮ್ಮಲ್ಲೂ ಸಿಗುತ್ತದೆ. ಅದರಿಂದ ಹೃದಯಕ್ಕೆ ಹಾನಿ ಕಡಿಮೆ. ಆದರೆ ಅಂಗೈ, ಅಂಗಾಲಿನ ಚರ್ಮ ಕೆಂಪೇರಿ ಸುಲಿಯಬಹುದು. ಎಲ್ಲರಿಗೂ ಅದು ಹೊಂದುವುದಿಲ್ಲ.

ಮೂರನೇ ಸರದಿಗೆ ಹೋದಾಗ ವೈದ್ಯರಿಗೆ ವಾಂತಿಯ ವಿಷಯವನ್ನು ಮುಚ್ಚಿಡದೆ ಹೇಳಿ. ‘ಕೀಮೊ ಎಂದ ಮೇಲೆ ಸಹಿಸಲೇಬೇಕು’ ಎಂದು ತಾಯಿ ಸುಮ್ಮನಿರಬಹುದು, ನೀವು ಸುಮ್ಮನಿರಬೇಡಿ. ವಾಂತಿ ತಡೆಯುವ ಒಳ್ಳೆಯ ಔಷಧಗಳು ಈಗ ಇವೆ. ಹೃದಯದ ಎಕೋ ಪರೀಕ್ಷೆ ಯಾವಾಗ ಆಗಿತ್ತು, ಮುಂದಿನದು ಯಾವಾಗ ಎಂದೂ ಕೇಳಿ. ಈ ಔಷಧದ ಜೀವಮಾನದ ಒಟ್ಟು ಪ್ರಮಾಣ ಮೈಯ ಹೊರಮೈ ವಿಸ್ತೀರ್ಣದ ಪ್ರತಿ ಚದರ ಮೀಟರಿಗೆ 450ರಿಂದ 550 ಮಿಲಿಗ್ರಾಂ ದಾಟದಂತೆ ವೈದ್ಯರು ಎಚ್ಚರ ವಹಿಸುತ್ತಾರೆ. ಇದುವರೆಗೆ ಎಷ್ಟಾಗಿದೆ ಎಂಬುದನ್ನು ತಾಯಿಯ ಫೈಲ್‌ನಲ್ಲಿ ಬರೆಸಿಟ್ಟುಕೊಳ್ಳಿ.