ಎರಡೇ ಪ್ರತಿ ಇದ್ದರೂ ಊರೆಲ್ಲ ಓದಬಹುದು

ಪಂಚಾಯಿತಿ ಲೈಬ್ರರಿಯಿಂದ ಊರಿನವರೆಲ್ಲ ಒಂದೇ ಪುಸ್ತಕ ಓದುವ ಹಾಗೆ ಮಾಡಬೇಕು, ಆದರೆ ಇರುವುದು ಎರಡೇ ಪ್ರತಿ, ಏನು ಮಾಡಲಿ ಅಂತ ಕೇಳಿದ್ದೀರಿ. ಮೊದಲು ಕಾದಂಬರಿಯ ಆಸೆ ಬಿಡಿ. 1998ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಇಂಥದ್ದು ಶುರುವಾದಾಗ ಕಾದಂಬರಿಯನ್ನೇ ಆರಿಸಿದ್ದರು, ನಿಜ. ಅವರಿಗೆ ಅನುದಾನವಿತ್ತು. ನಮಗೆ ಒಂದು ಸಣ್ಣ ಕಥೆ ಸಾಕು.

ಅದನ್ನು ಗಟ್ಟಿಯಾಗಿ ಓದಿ ಕೇಳಿಸಿ. ಗಮಕ ಕೇಳಿ ಬೆಳೆದ ನಾಡಿಗೆ ಇದೇನು ಹೊಸದಲ್ಲ, ಅಲ್ವಾ? ಲೈಬ್ರರಿಗೇ ಬನ್ನಿ ಅಂದರೆ ಯಾರೂ ಬರುವುದಿಲ್ಲ. ಜನ ಇದ್ದಲ್ಲಿಗೆ ನೀವೇ ಹೋಗಿ. ಸ್ತ್ರೀಶಕ್ತಿ ಸಂಘದ ಸಭೆ ಒಳ್ಳೆಯ ಜಾಗ. ಉಳಿತಾಯದ ಲೆಕ್ಕ ಮುಗಿದ ಮೇಲೆ ಓದಲು ಹತ್ತು ನಿಮಿಷ ಬಿಡುವು ಕೇಳಿಕೊಳ್ಳಿ. ಕಥೆಯನ್ನು ಪೂರ್ತಿ ಮುಗಿಸಬೇಡಿ. ಮುಂದೇನಾಯ್ತು ಅಂತ ತಿಳಿಯಬೇಕಾದವರು ಪುಸ್ತಕ ಕೇಳಿಕೊಂಡು ತಾವೇ ಬರುತ್ತಾರೆ.

ಮನೆಮನೆಗೆ ತಲುಪಿಸುವವರು ಮಕ್ಕಳು. 2020ರಲ್ಲಿ ರಾಜ್ಯ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಾಗ ಪಂಚಾಯಿತಿ ಲೈಬ್ರರಿಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಮೊದಲು ಆ ಕಾರ್ಡು ಮಾಡಿಸಿ. ಪುಸ್ತಕ ಒಯ್ದ ಮಗು ಅದನ್ನು ಅಜ್ಜಿಗೆ ಓದಿ ಹೇಳಲಿ, ಅಜ್ಜಿ ಏನಂದರು ಅಂತ ಹಿಂದಿನ ರಟ್ಟಿಗೆ ಅಂಟಿಸಿದ ಹಾಳೆಯಲ್ಲಿ ಒಂದು ಸಾಲು ಬರೆಯಲಿ.

ಪ್ರತಿ ಜಾಸ್ತಿ ಬೇಕೇ ಬೇಕು ಅಂದರೆ ಪ್ರಥಮ್ ಬುಕ್ಸ್ ಪ್ರಕಾಶನದ ಸ್ಟೋರಿವೀವರ್ ವೆಬ್‌ಸೈಟ್ ನೋಡಿ. ಅಲ್ಲಿನ ಕನ್ನಡ ಕಥೆಗಳನ್ನು ಪುಕ್ಕಟೆ ಇಳಿಸಿಕೊಂಡು ಮುದ್ರಿಸಬಹುದು, ಲೇಖಕರ ಹೆಸರು ಮಾತ್ರ ಬಿಡಬೇಡಿ. ಬೇರೆ ಪುಸ್ತಕಗಳನ್ನು ಸುಮ್ನೆ ಜೆರಾಕ್ಸ್ ಮಾಡಲು ಹೋಗಬೇಡಿ.

ಈ ಓದಿನ ಕಾರ್ಯಕ್ರಮವನ್ನು ಸುಗ್ಗಿ ಕಾಲದಲ್ಲಿ ಇಡಬೇಡಿ. ಉದ್ಘಾಟನೆ, ಹಾರ, ಭಾಷಣ ಕೂಡ ಬೇಡ. ಅದರಲ್ಲೇ ಅರ್ಧ ದಿನ ಹೋಗುತ್ತದೆ.