ಕಾಫಿ ತೋಟದಲ್ಲಿ ಹಿಂದೆ ಬಳಸುತ್ತಿದ್ದ ಕೀಟನಾಶಕ ಲಿಂಡೇನ್‌ನಿಂದ ಕ್ಯಾನ್ಸರ್ ಬರುತ್ತದೆಯೇ?

ಅಪಾಯ ಹೆಚ್ಚುತ್ತದೆ ಎಂಬುದಕ್ಕೆ ಬಲವಾದ ಆಧಾರವಿದೆ. ಆದರೆ ಮುಟ್ಟಿದವರಿಗೆಲ್ಲ ಕ್ಯಾನ್ಸರ್ ಬರುತ್ತದೆ ಎಂದು ಅದರ ಅರ್ಥವಲ್ಲ. ಕೊಡಗಿನಲ್ಲಿ ಅರೇಬಿಕಾ ಗಿಡಗಳನ್ನು ಬಿಳಿ ಕಾಂಡಕೊರಕ ಹುಳುವಿನಿಂದ ಉಳಿಸಲು ಈ ದ್ರಾವಣವನ್ನು ಕಾಂಡಕ್ಕೆ ಬಳಿಯುತ್ತಿದ್ದರು. ಕೈಗವಸಿಲ್ಲದೆ, ಅದ್ದಿದ ಬಟ್ಟೆಯಿಂದ ಒರೆಸಿದರೆ ಅದು ಮುಂಗೈಯಿಂದ ಮೊಣಕೈಗೆ ಇಳಿದು ಚರ್ಮದ ಮೂಲಕವೇ ದೇಹ ಸೇರುತ್ತದೆ, ಕೊಬ್ಬಿನಲ್ಲಿ ಸಂಗ್ರಹವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ಲಿಂಡೇನನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅದನ್ನು ಬಳಸಿದ ಕೃಷಿಕರಲ್ಲಿ ನಾನ್-ಹಾಡ್ಜ್‌ಕಿನ್ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಒಂದು ಬಗೆಯ ಕ್ಯಾನ್ಸರ್, ಹೆಚ್ಚಾಗಿ ಕಂಡುಬಂದದ್ದೇ ಇದಕ್ಕೆ ಮುಖ್ಯ ಕಾರಣ. ಡಿಡಿಟಿ ಎಂಬ ಇನ್ನೊಂದು ಕೀಟನಾಶಕವನ್ನು ಅದೇ ವೇಳೆ ಒಂದು ಮೆಟ್ಟಿಲು ಕೆಳಗಿನ ಗುಂಪಿನಲ್ಲಿ ಇಡಲಾಯಿತು. ಈ ಗುಂಪುಗಳು ಪುರಾವೆ ಎಷ್ಟು ಗಟ್ಟಿಯೆಂದು ಹೇಳುತ್ತವೆಯೇ ಹೊರತು ಒಬ್ಬ ವ್ಯಕ್ತಿಯ ಅಪಾಯವನ್ನು ಅಳೆಯುವುದಿಲ್ಲ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಆ ಅಪಾಯವು ಎಷ್ಟು ಪ್ರಮಾಣ, ಎಷ್ಟು ವರ್ಷ ಎಂಬುದನ್ನು ಅವಲಂಬಿಸಿದೆ.

ಭಾರತದಲ್ಲಿ ಇದರ ಬಳಕೆ 2013ರಲ್ಲಿ ನಿಂತಿತು. ಗೋದಾಮಿನ ಮೂಲೆಯಲ್ಲಿ ಹಳೆಯ ಡಬ್ಬ ಉಳಿದಿದ್ದರೆ ದಯವಿಟ್ಟು ಅದನ್ನು ತೋಡಿನಲ್ಲಿ ತೊಳೆಯಬೇಡಿ, ಸುಡಲೂಬೇಡಿ. ವರ್ಷಗಟ್ಟಲೆ ಈ ಕೆಲಸ ಮಾಡಿದವರ ಕುತ್ತಿಗೆ, ಕಂಕುಳು ಅಥವಾ ತೊಡೆಸಂದಿಯಲ್ಲಿ ನೋವಿಲ್ಲದ ಗಂಟು ಕಾಣಿಸಿಕೊಂಡು ಕೆಲವು ವಾರ ಕಳೆದರೂ ಇಳಿಯದಿದ್ದರೆ, ವೈದ್ಯರಿಗೆ ಗಂಟಿನ ಜೊತೆಗೆ ಆ ಕೆಲಸದ ವಿಚಾರವನ್ನೂ ತಿಳಿಸಬೇಕು.